ಒಂದೇ ಮನೆ ನಡೆಯುವ ಪದಾತಿ

2025ರ ಏಪ್ರಿಲ್ 23. ಪುಣೆಯ ಹಡಪ್ಸರ್‌ನ ಅಮನೋರಾ ಫರ್ನ್ ಹೋಟೆಲಿನಲ್ಲಿ ಐದು ಮೇಜು, ಹತ್ತು ಆಟಗಾರ್ತಿಯರು. ಮಹಿಳೆಯರ ಗ್ರ್ಯಾನ್ ಪ್ರೀ ಚದುರಂಗ ಸರಣಿಯ ಐದನೆಯ ಪಂದ್ಯಾವಳಿ ಅಂದು ಮುಗಿಯಬೇಕಿತ್ತು. ಎಂಟು ಸುತ್ತು ಕಳೆದಾಗ ಕೊನೇರು ಹಂಪಿ ಮತ್ತು ಚೀನಾದ ಝು ಜಿನರ್ ತಲಾ ಆರು ಅಂಕಗಳಲ್ಲಿ ನಿಂತಿದ್ದರು. ಒಂಬತ್ತನೆಯ ಸುತ್ತಿನಲ್ಲಿ ಹಂಪಿಯ ಎದುರು ಬಲ್ಗೇರಿಯಾದ ನುರ್ಗ್ಯುಲ್ ಸಲಿಮೋವಾ, ಝು ಎದುರು ರಷ್ಯಾದ ಪೊಲಿನಾ ಶುವಲೋವಾ.

ಆ ಆಟದ ಕತೆಗೆ ಮರಳಿ ಬರುತ್ತೇನೆ. ಮೊದಲು ಹೊರಗಿನ ರಸ್ತೆಯ ಮಾತು. ಹಡಪ್ಸರ್ ಮೂಲಕವೇ ಸೊಲ್ಲಾಪುರದ ಹೆದ್ದಾರಿ ಹೊರಡುತ್ತದೆ. ಸೊಲ್ಲಾಪುರ ದಾಟಿ ಉಮರ್ಗಾ ಕಳೆದರೆ ಕನ್ನಡದ ನೆಲ, ಬಸವಕಲ್ಯಾಣದ ಸೀಮೆ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದ ಐದನೆಯ ವಿಂಶತಿಯಲ್ಲಿ ಚದುರಂಗಕ್ಕೇ ಮೀಸಲಾದ ಅರವತ್ತಕ್ಕೂ ಹೆಚ್ಚು ಶ್ಲೋಕಗಳಿವೆ. ಆನೆ, ಕುದುರೆ, ಅಡುಗೆ, ಔಷಧ, ಸಂಗೀತ ಎಲ್ಲವನ್ನೂ ಬರೆದಿಟ್ಟ ಆ ಅರಸ ಅರವತ್ತನಾಲ್ಕು ಮನೆಗಳ ಹಾಸನ್ನೂ ಅಷ್ಟೇ ಶ್ರದ್ಧೆಯಿಂದ ಬರೆದ. ಹಡಪ್ಸರ್‌ನ ಸಭಾಂಗಣಕ್ಕೂ ಆ ಶ್ಲೋಕಗಳಿಗೂ ನಡುವೆ ಇರುವುದು ಒಂದು ಹಗಲಿನ ಪ್ರಯಾಣ ಮತ್ತು ಸುಮಾರು ಒಂಬತ್ತು ನೂರು ವರ್ಷ. ಈ ಆಟವನ್ನು ನಾವು ಎಲ್ಲಿಂದಲೋ ಕಲಿತುಕೊಂಡವರಂತೆ ಮಾತಾಡುವುದನ್ನು ಕೇಳಿದಾಗಲೆಲ್ಲ ನನಗೆ ಆ ರಸ್ತೆ ನೆನಪಾಗುತ್ತದೆ.

ಮರಾಠಿಯಲ್ಲಿ ಚದುರಂಗಕ್ಕೆ ‘ಬುದ್ಧಿಬಳ’ ಎನ್ನುತ್ತಾರೆ. ನಾವು ಸೈನ್ಯದ ಹೆಸರಿಟ್ಟೆವು, ಅವರು ಅದನ್ನು ಕಾದುವ ಶಕ್ತಿಯ ಹೆಸರಿಟ್ಟರು. ಪುಣೆಯಲ್ಲಿ ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿಯಿತು. ಅದಕ್ಕೆ ನಾಲ್ಕೇ ವರ್ಷ ಮೊದಲು, 1814ರಲ್ಲಿ, ಮುಂಬಯಿಯಲ್ಲಿ ಒಂದು ಪುಟ್ಟ ಪುಸ್ತಕ ಅಚ್ಚಾಯಿತು. ಬರೆದವರು ತಿರುವೆಂಗಡಾಚಾರ್ಯ ಶಾಸ್ತ್ರಿ. ಹೆಸರೇ ಹೇಳುವಂತೆ ತಿರುಪತಿಯ ಬೆಟ್ಟಕ್ಕೆ ಕೈಮುಗಿಯುವ ಮನೆತನದ ದಕ್ಷಿಣದ ವಿದ್ವಾಂಸ. ಮರಾಠಿಯವರು ಅವರನ್ನು ಎರಡನೆಯ ಬಾಜೀರಾಯನ ಆಸ್ಥಾನದೊಂದಿಗೆ ಸೇರಿಸಿ ನೆನೆಯುತ್ತಾರೆ. ಮೂಲ ಸಂಸ್ಕೃತ, ಹೆಸರು ‘ವಿಲಾಸಮಣಿಮಂಜರಿ’. ಶಾಸ್ತ್ರಿಗಳು ಅದನ್ನು ಇಂಗ್ಲಿಷಿಗೆ ತಂದು, ಒಳಗಿನ ಸಮಸ್ಯೆಗಳನ್ನು ಐರೋಪ್ಯ ಆಟದ ನಿಯಮಕ್ಕೆ ಹೊಂದಿಸಿಕೊಟ್ಟರು. ಬಹುಪಾಲು ಆಟದ ಕೊನೆಯ ಘಟ್ಟದ ಬಿಕ್ಕಟ್ಟುಗಳು: ಇಂತಿಷ್ಟು ನಡೆಗಳಲ್ಲಿ ರಾಜನನ್ನು ಕಟ್ಟಿಹಾಕು ಎಂಬಂಥವು.

ಅದೇ ಶತಮಾನದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನು ಒಂದೂ ಮನೆ ಬಿಡದೆ, ಒಂದೂ ಮನೆಯನ್ನು ಮತ್ತೆ ಮೆಟ್ಟದೆ ಅರವತ್ತನಾಲ್ಕು ಮನೆ ಸುತ್ತಿಸುವ ಬಂಧಗಳನ್ನು ರಚಿಸುತ್ತಿದ್ದರು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ನಿಧಿಯಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಒಡೆಯರು ತಮ್ಮ ಹಾಸಿನೊಳಗೇ ಹೊಸ ಲೋಕ ಕಟ್ಟಿದರು. ಶಾಸ್ತ್ರಿಗಳ ಮುಂದಿದ್ದ ಕೆಲಸ ಬೇರೆ. ಇಲ್ಲಿಯ ಆಟವನ್ನು ಅಲ್ಲಿಯವರಿಗೆ ಅರ್ಥವಾಗುವ ನಿಯಮದಲ್ಲಿ ಹೇಳಬೇಕಿತ್ತು. ನಿಯಮ ಬೇರೆಯಾದರೆ ಆಟವೇ ಬೇರೆಯಾಗುತ್ತದೆಂದು ಅವರಷ್ಟು ಚೆನ್ನಾಗಿ ತಿಳಿದವರು ಆಗ ವಿರಳ.

ವ್ಯತ್ಯಾಸ ನೋಡಲು ಸಣ್ಣದು. ಐರೋಪ್ಯ ಆಟದಲ್ಲಿ ಪದಾತಿ ತನ್ನ ಮೊದಲ ನಡೆಯಲ್ಲಿ ಎರಡು ಮನೆ ಹಾರಬಹುದು. ದೇಶೀ ಆಟದಲ್ಲಿ, ಹೆಚ್ಚಿನ ಕಡೆ, ಮೊದಲ ನಡೆಯಾದರೂ ಒಂದೇ ಮನೆ. ರಾಜನಿಗೆ ಕೋಟೆ ಕಟ್ಟುವ ಅನುಕೂಲ ಇಲ್ಲ. ಅದರ ಬದಲು ಶಹ ಬೀಳುವ ಮೊದಲು ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಪದಾತಿ ಎದುರಿನ ಕೊನೆಯ ಸಾಲು ಮುಟ್ಟಿದರೆ ಬೇಕೆಂದ ಕಾಯಿ ಆಗುವಂತಿಲ್ಲ, ಆ ಮನೆ ಯಾವ ಕಾಯಿಯದೋ ಅದೇ ಆಗಬೇಕು. ನಿಯಮಗಳು ಇಷ್ಟೇ. ಆದರೆ ಪರಿಣಾಮ ದೊಡ್ಡದು. ಎರಡು ಮನೆ ಹಾರುವ ಆಟದಲ್ಲಿ ಎರಡನೆಯ ನಡೆಗೇ ಪದಾತಿಗಳು ಹಣೆಗೆ ಹಣೆ ಕೊಟ್ಟು ನಿಲ್ಲುತ್ತವೆ, ನಾಲ್ಕನೆಯ ನಡೆಗೆ ರಕ್ತ ಹರಿಯಬಹುದು. ಒಂದೇ ಮನೆ ನಡೆಯುವ ಆಟದಲ್ಲಿ ಎರಡು ಸೈನ್ಯಗಳು ಬಹಳ ಹೊತ್ತು ದೂರದಿಂದ ಒಂದನ್ನೊಂದು ನೋಡಿಕೊಳ್ಳುತ್ತವೆ. ಆಟಗಾರ ಮೊದಲು ಮನೆ ಓರಣ ಮಾಡಿಕೊಳ್ಳುತ್ತಾನೆ. ಕುದುರೆಯ ಮುಂದಿನ ಪದಾತಿಯನ್ನು ಒಂದು ಮನೆ ಸರಿಸಿ, ಆ ಸಂದಿಯಲ್ಲಿ ಒಂಟೆಯನ್ನು ಕೂರಿಸಿ, ಅದು ಓರೆಗೆರೆಯುದ್ದಕ್ಕೂ ಹಾಸಿನ ಆ ತುದಿಯವರೆಗೆ ಕಣ್ಣಿಡುವಂತೆ ಮಾಡುತ್ತಾನೆ. ನಡುಮನೆಗಳನ್ನು ಎದುರಾಳಿ ಹಿಡಿಯಲಿ, ಆಮೇಲೆ ಅವನ್ನು ಬದಿಯಿಂದ ಕೊರೆಯೋಣ ಎಂಬ ತಾಳ್ಮೆ ಅದು. ಐರೋಪ್ಯರಿಗೆ ಇದು ಅಂಜುಬುರುಕತನದಂತೆ ಕಂಡಿತು.

ಆ ಅಂಜುಬುರುಕತನದ ಹಿಂದೆ ಏನಿದೆ ಎಂದು ಹುಡುಕಿ ಹೋದವರಲ್ಲಿ ಒಬ್ಬ ಜಾನ್ ಕಾಕ್ರೇನ್. ಸ್ಕಾಟ್ಲೆಂಡಿನವ, ಕಲ್ಕತ್ತೆಯಲ್ಲಿ ವಕೀಲ, ತನ್ನ ಕಾಲದ ಬಲಿಷ್ಠ ಆಟಗಾರ. ಬಂಗಾಳದ ಒಳನಾಡಿನ ಹಳ್ಳಿಯಲ್ಲಿ ಒಬ್ಬ ಬ್ರಾಹ್ಮಣನಿದ್ದಾನೆ, ಅವನನ್ನು ಯಾರೂ ಸೋಲಿಸಿಲ್ಲ ಎಂಬ ಸುದ್ದಿ ಕಲ್ಕತ್ತೆಯ ಚೆಸ್ ಕ್ಲಬ್ಬಿಗೆ ಬಂತು. ಹುಡುಕಿದಾಗ ಸಿಕ್ಕವರು ಮಹೇಶಚಂದ್ರ ಬ್ಯಾನರ್ಜಿ. ಕಾಕ್ರೇನ್ ಅವರನ್ನು ಸೋಲಿಸಿದ, ಆದರೆ ಎದುರಿಗಿರುವುದು ಎಂಥ ಬುದ್ಧಿ ಎಂದೂ ಕಂಡುಕೊಂಡ. ಮಹೇಶಚಂದ್ರರು ಐರೋಪ್ಯ ನಿಯಮ ಕಲಿತರು. ಅಲ್ಲಿಂದ ಮುಂದೆ ಇಬ್ಬರೂ ವರ್ಷಗಟ್ಟಲೆ ಆಡಿದರು, ನೂರಾರು ಆಟ. ಕಾಕ್ರೇನ್ ಬರೆದಿಟ್ಟುಕೊಂಡ ಕಾರಣಕ್ಕೆ ಅವು ಉಳಿದವು.

1855ರ ಮೇ ತಿಂಗಳ ಒಂದು ಆಟವನ್ನು ಹಾಸಿನ ಮೇಲೆ ಇಟ್ಟು ನೋಡಿ. ಬಿಳಿ ಕಾಯಿ ಕಾಕ್ರೇನ್‌ದು. ಅವನು ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದ, ಅದರ ಪಕ್ಕಕ್ಕೆ ಇನ್ನೊಂದನ್ನು ತಂದ. ಮಹೇಶಚಂದ್ರರು ರಾಜನ ಕಡೆಯ ಕುದುರೆಯನ್ನು ಹೊರತೆಗೆದರು, ಕುದುರೆಸಾಲಿನ ಪದಾತಿಯನ್ನು ಒಂದು ಮನೆ ಸರಿಸಿದರು. ಮೂರನೆಯ ನಡೆಯಲ್ಲಿ ಮಂತ್ರಿಯ ಪದಾತಿಯನ್ನು ನಡುವಿಗೆ ತಂದು ಕಾಕ್ರೇನ್‌ನ ಪದಾತಿಗೆ ಎದುರು ನಿಲ್ಲಿಸಿದರು. ಆಮೇಲೆ ಒಂಟೆಯನ್ನು ಮೂಲೆಯ ಸಂದಿಯಲ್ಲಿ ಕೂರಿಸಿ ರಾಜನಿಗೆ ಕೋಟೆ ಕಟ್ಟಿದರು. ನಡುವಿನ ಪದಾತಿಗಳು ಬದಲಾದವು, ಒಂದೊಂದು ಕುದುರೆ ಬದಲಾಯಿತು. ಎಂಟನೆಯ ನಡೆಯಲ್ಲಿ ಕಪ್ಪು ಪದಾತಿ ಬದಿಯಿಂದ ಬಂದು ಬಿಳಿಯ ನಡುಗಂಬಕ್ಕೆ ಡಿಕ್ಕಿ ಕೊಟ್ಟಿತು. ಇಂದು ಯಾವುದೇ ಊರಿನ ಚೆಸ್ ತರಗತಿಯಲ್ಲಿ ಈ ನಡೆಗಳನ್ನು ತೋರಿಸಿದರೆ ಹತ್ತು ವರ್ಷದ ಮಗು ‘ಗ್ರ್ಯೂನ್‌ಫೆಲ್ಡ್’ ಎನ್ನುತ್ತದೆ. ಆಸ್ಟ್ರಿಯದ ಎರ್ನ್‌ಸ್ಟ್ ಗ್ರ್ಯೂನ್‌ಫೆಲ್ಡ್ ಆ ರಕ್ಷಣೆಯನ್ನು ದೊಡ್ಡ ಪಂದ್ಯಗಳಿಗೆ ತಂದದ್ದು 1922ರಲ್ಲಿ. ಆ ವರ್ಷ ಅವರು ಅದನ್ನು ಆಡಿ ಅಂದಿನ ಅಗ್ರ ಆಟಗಾರ ಅಲೆಖಿನ್‌ರನ್ನೂ ಸೋಲಿಸಿದರು, ಹೆಸರು ಅವರದಾಯಿತು. ಮಹೇಶಚಂದ್ರರು ಅದೇ ದಾರಿಯಲ್ಲಿ ನಡೆದು ಆಗಲೇ ಅರವತ್ತೇಳು ವರ್ಷ ಕಳೆದಿತ್ತು.

ಮಹೇಶಚಂದ್ರರು ಆ ಆಟ ಸೋತರು. ಇದನ್ನು ಬಿಟ್ಟು ಹೇಳಿದರೆ ಕತೆ ಸುಳ್ಳಾಗುತ್ತದೆ. ಹದಿನೇಳನೆಯ ನಡೆಯಲ್ಲಿ ಕಾಕ್ರೇನ್‌ನ ಕುದುರೆ ಮುಂದಕ್ಕೆ ಜಿಗಿಯಿತು. ಕಪ್ಪು ಒಂಟೆ ಬಿಳಿಯ ಒಂಟೆಯನ್ನು ತಿಂದಿತು. ಮರುನಡೆಯಲ್ಲಿ ಆ ಕುದುರೆ ರಾಜನ ಬಾಗಿಲ ಪದಾತಿಯನ್ನು ಕಡಿಯಿತು. ಮಹೇಶಚಂದ್ರರು ತಮ್ಮ ಕುದುರೆಯಿಂದ ಬಿಳಿ ಮಂತ್ರಿಗೆ ಗುರಿಯಿಟ್ಟರು. ಆದರೆ ಮುಂದೆ ಉಳಿದದ್ದು ಮೂರೇ ನಡೆ. ಕುದುರೆ ಸರಿದಾಗ ಕುದುರೆಯದೂ ಮಂತ್ರಿಯದೂ ಜೋಡಿ ಶಹ, ರಾಜ ಮೂಲೆಗೆ. ಮಂತ್ರಿ ನೇರ ರಾಜನ ಮಗ್ಗುಲಿಗೆ ಬಂದು ತನ್ನನ್ನೇ ಬಲಿಗೊಟ್ಟಿತು, ಆನೆ ಅದನ್ನು ತಿನ್ನಲೇಬೇಕು. ಆಗ ತನ್ನವರಿಂದಲೇ ಉಸಿರುಗಟ್ಟಿದ ರಾಜನಿಗೆ ಒಂಟಿ ಕುದುರೆಯ ಕೊನೆಯ ಶಹ. ಅದ್ಭುತ ಮುಕ್ತಾಯ, ಕಾಕ್ರೇನ್‌ಗೆ ಸಲ್ಲಬೇಕಾದ ಗೆಲುವು. ಸೋತದ್ದು ಹದಿನೇಳನೆಯ ನಡೆಯಲ್ಲಿ, ತೆರವಿನಲ್ಲಿ, ಅಂದರೆ ಆಟದ ಆರಂಭದ ನಡೆಗಳಲ್ಲಿ, ಅಲ್ಲ. ಆದರೂ ಸೋಲಿನ ಜೊತೆಗೆ ಆ ತೆರವೂ ಕಡತ ಸೇರಿತು. ಎದುರಾಳಿಯ ಮಂತ್ರಿಯ ಪದಾತಿಗೆ ಕೂಡಲೇ ಸಮನಾಗಿ ಪದಾತಿ ಇಡದೆ, ಹಿಂದೆ ನಿಂತು ಕಾಯುವ ಇಂಥ ಆಟಗಳಿಗೆಲ್ಲ ಸೇರಿ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು 1884ರ ಹೊತ್ತಿಗೆ ಬಳಕೆಗೆ ಬಂತು. ದೇಶದ ಹೆಸರು ಉಳಿಯಿತು, ಮನುಷ್ಯನದು ಉಳಿಯಲಿಲ್ಲ. ಅದೇ ಜೋಡಿಯ 1848ರ ಇನ್ನೊಂದು ಆಟದಿಂದ ‘ಕಾಕ್ರೇನ್ ಗ್ಯಾಂಬಿಟ್’ ಹುಟ್ಟಿತು. ಅಲ್ಲಿ ಬಿಳಿ ಆಡಿದವನ ಹೆಸರಿದೆ.

1930ರ ಚಳಿಗಾಲ, ಇಂಗ್ಲೆಂಡಿನ ಕಡಲತೀರದ ಊರು ಹೇಸ್ಟಿಂಗ್ಸ್. ಕಪ್ಪು ಕಾಯಿಗಳ ಹಿಂದೆ ಕುಳಿತವರು ಕ್ಯೂಬಾದ ಹೊಸೆ ಕಪಬ್ಲಾಂಕ, ಮೂರು ವರ್ಷದ ಹಿಂದಿನವರೆಗೆ ಜಗತ್ತಿನ ಚಾಂಪಿಯನ್. ಬಿಳಿಯ ಹಿಂದೆ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಅಪ್ಪನಿಂದ ಕಲಿತದ್ದು ದೇಶೀ ಆಟ, ಅದೇ ಒಂದೇ ಮನೆ ನಡೆಯುವ ಪದಾತಿಯ ಆಟ. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿ ಐರೋಪ್ಯ ನಿಯಮ ಕಲಿತು, 1928ರಲ್ಲಿ ಅಖಿಲ ಭಾರತ ಪಂದ್ಯ ಗೆದ್ದು, 1929ರಲ್ಲಿ ಲಂಡನ್ನಿಗೆ ಬಂದರು. ಅದೇ ವರ್ಷ ರಾಮ್ಸ್‌ಗೇಟ್‌ನಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ತೆರವುಗಳ ಪುಸ್ತಕ ಓದಿ ಬೆಳೆದವರಲ್ಲ ಅವರು, ಬೆರಳಿಗಿದ್ದ ರೂಢಿಯನ್ನೇ ನಂಬಿದ್ದವರು.

ಕಪಬ್ಲಾಂಕ ಆರಿಸಿದ್ದು ‘ಕ್ವೀನ್ಸ್ ಇಂಡಿಯನ್’. ಭಾರತದ ಹೆಸರಿನ ರಕ್ಷಣೆಯನ್ನು ಭಾರತದಿಂದ ಬಂದವನ ಎದುರು! ಐದನೆಯ ನಡೆಯಲ್ಲಿ ಸುಲ್ತಾನ್ ಖಾನ್ ಎಡತುದಿಯ, ಆನೆಯ ಮುಂದಿನ ಪದಾತಿಯನ್ನು ಒಂದೇ ಒಂದು ಮನೆ ಸರಿಸಿದರು. ಸೈನ್ಯ ಹೊರಡಿಸಬೇಕಾದ ಹೊತ್ತಿನಲ್ಲಿ ಮೂಲೆಯ ಬಾಗಿಲ ಚಿಲಕ ಹಾಕಿದ ಹಾಗೆ. ಆದರೆ ಆ ಚಿಲಕ ಎದುರಾಳಿಯ ಒಂಟೆ ಬಂದು ತನ್ನ ಕುದುರೆಯನ್ನು ಹಿಡಿದಿಡುವ ದಾರಿಯನ್ನೇ ಮುಚ್ಚುತ್ತದೆ. ಮುಂದೆ ಕುದುರೆಯೊಂದನ್ನು ನುಗ್ಗಿಸಿ ಎದುರಾಳಿಯ ಒಂಟೆಯನ್ನು ಬದಲಾಯಿಸಿಕೊಂಡರು, ರಾಜನ ಕಡೆಯ ಪದಾತಿಗಳನ್ನು ನಿಧಾನ ನಡೆಸಿದರು. ಕಪಬ್ಲಾಂಕ ತಮ್ಮ ಎರಡೂ ಆನೆಗಳನ್ನು ತೆರೆದ ಸಾಲಿಗೆ ತಂದು ಒಂದರ ಹಿಂದೊಂದು ನುಗ್ಗಿದರು; ಇಪ್ಪತ್ನಾಲ್ಕನೆಯ ನಡೆ ಮುಗಿಯುವಾಗ ಸುಲ್ತಾನ್ ಖಾನ್ ಮಂತ್ರಿಯನ್ನು ಕೊಟ್ಟು ಎರಡು ಆನೆ ತೆಗೆದುಕೊಂಡಿದ್ದರು. ಹಾಸಿನ ಮೇಲೆ ಓಡಾಡುವ ಒಂದು ಮಂತ್ರಿ ಒಂದು ಕಡೆ, ಅಲುಗಾಡದ ಎರಡು ಆನೆಗಳು ಇನ್ನೊಂದು ಕಡೆ. ಬೆರಗು ಹುಟ್ಟಿಸುವ ಒಂದೇ ಒಂದು ನಡೆ ಆಮೇಲೆ ಇಲ್ಲ. ಹೊಲದ ಬದು ಕಟ್ಟಿದಂತೆ ಮನೆ ಮನೆಯನ್ನೂ ಮುಚ್ಚುತ್ತ ಹೋದರು. ಅರವತ್ತೈದನೆಯ ನಡೆಗೆ ಕಪಬ್ಲಾಂಕ ಸೋಲೊಪ್ಪಿದರು.

ಆ ಪಂದ್ಯಾವಳಿಯಲ್ಲಿ ಯೂವೆ ಎಂಬ ಆಟಗಾರ ಮೊದಲಿಗ, ಕಪಬ್ಲಾಂಕ ಎರಡನೆಯವರು, ಸುಲ್ತಾನ್ ಖಾನ್ ಮೂರನೆಯವರು. 1932 ಮತ್ತು 1933ರಲ್ಲಿ ಬ್ರಿಟಿಷ್ ಪಟ್ಟ ಮತ್ತೆ ಅವರದು. 1933ರಲ್ಲಿ ಅದೇ ಉಮರ್ ಹಯಾತ್ ಖಾನರ ಬಳಗದ ಫಾತಿಮಾ ಎಂಬ ತರುಣಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಆಮೇಲೆ ಚದುರಂಗದ ಚರಿತ್ರೆಯಿಂದ ಮರೆಯಾದಳು. ವರ್ಷದ ಕೊನೆಗೆ ಸುಲ್ತಾನ್ ಖಾನ್ ಊರಿಗೆ ಮರಳಿದರು. 1935ರಲ್ಲಿ ಮಹಾರಾಷ್ಟ್ರದ ವಿ. ಕೆ. ಖಾಡಿಲ್ಕರ್ ಅವರೊಡನೆ ಹತ್ತು ಆಟಗಳ ಪಂದ್ಯ ನಡೆಯಿತು, ಖಾಡಿಲ್ಕರ್‌ಗೆ ಸಿಕ್ಕಿದ್ದು ಒಂದು ಸಮ ಮಾತ್ರ. ಅಷ್ಟಕ್ಕೆ ಸುಲ್ತಾನ್ ಖಾನರ ದೊಡ್ಡ ಆಟ ಮುಗಿಯಿತು. 1966ರಲ್ಲಿ ತೀರಿಕೊಂಡರು. ವಿಶ್ವ ಚದುರಂಗ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಐದನೆಯ ನಡೆಯ ಆ ಚಿಲಕದ ಪದಾತಿಗೆ ಪುಸ್ತಕಗಳಲ್ಲಿ ಬಹಳ ಆಮೇಲೆ ಅದನ್ನು ಆಡಿದ ಪೆಟ್ರೋಸಿಯನ್ ಹೆಸರಿದೆ, ಕೆಲವೆಡೆ ಕಾಸ್ಪರೋವ್ ಹೆಸರೂ ಜೊತೆಗಿದೆ.

ಇಂಥ ಹೆಸರುಗಳ ಬಗ್ಗೆ ಯೋಚಿಸಿದಷ್ಟೂ ಒಂದು ಮಾತು ಗಟ್ಟಿಯಾಗುತ್ತದೆ: ತೆರವಿಗೆ ಹೆಸರು ಬೀಳುವುದು ಮೊದಲು ಆಡಿದವನಿಂದಲ್ಲ, ಆಡಿ, ಬರೆದು, ಮುದ್ರಿಸಿ, ಮತ್ತೆ ಆಡುವ ಬಳಗ ಇರುವವನಿಂದ. ಮಹೇಶಚಂದ್ರರಿಗೆ ಅಂಥ ಬಳಗ ಇರಲಿಲ್ಲ. ಸುಲ್ತಾನ್ ಖಾನರಿಗೂ ಇರಲಿಲ್ಲ. ತಿರುವೆಂಗಡಾಚಾರ್ಯರಿಗೆ ಇದ್ದದ್ದು ಒಂದು ಮುದ್ರಣಾಲಯ ಮಾತ್ರ.

ಬಳಗ ಕಟ್ಟಲು ಬಹಳ ಕಾಲ ಹಿಡಿಯಿತು. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು 1955ರಲ್ಲಿ, ಆಂಧ್ರದ ಏಲೂರಿನಲ್ಲಿ. ಮಹಾರಾಷ್ಟ್ರದ ರಾಮಚಂದ್ರ ಸಪ್ರೆ ಮತ್ತು ಆಂಧ್ರದ ಡಿ. ವೆಂಕಯ್ಯ ಜಂಟಿ ವಿಜೇತರು. ಒಂದೇ ಮನೆ ನಡೆಯುವ ಆಟ ಮನೆಯ ಜಗಲಿಗಳಲ್ಲಿ ಇನ್ನೂ ಜೀವಂತವಾಗಿತ್ತು. ಕೃಷ್ಣೆಯ ದಂಡೆಯ ಸಾಂಗ್ಲಿಯಲ್ಲಿ, ಮಿರಜ್–ಅಥಣಿ ಕಡೆಯ ಕನ್ನಡ ಮಾತು ಕೇಳುವ ಆ ಊರಿನಲ್ಲಿ, ಭಾವುಸಾಹೇಬ್ ಪಡಸಲಗಿಕರ್ ಅವರು ನೂತನ ಬುದ್ಧಿಬಳ ಮಂಡಳದ ಮೂಲಕ ವರ್ಷ ವರ್ಷ ಪಂದ್ಯ ನಡೆಸಿ ಮಕ್ಕಳನ್ನು ಹಾಸಿನ ಮುಂದೆ ಕೂರಿಸಿದರು. ಅಲ್ಲಿಂದ ಭಾಗ್ಯಶ್ರೀ ಸಾಠೆ ಬಂದರು, ಐದು ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್. ಮಹಿಳೆಯರ ಮೊದಲ ರಾಷ್ಟ್ರೀಯ ಪಂದ್ಯ 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆಯಿತು. ಗೆದ್ದವರು ವಾಸಂತಿ ಖಾಡಿಲ್ಕರ್. ಆಮೇಲೆ ತಂಗಿಯರಾದ ಜಯಶ್ರೀ, ರೋಹಿಣಿ. 1983ರವರೆಗೆ ಆ ಕಿರೀಟ ಆ ಮನೆಯ ಹೊಸ್ತಿಲು ದಾಟಲಿಲ್ಲ.

ಪುಣೆಯ ಸರದಿ ಅಭಿಜಿತ್ ಕುಂಟೆಯವರದು. 1977ರಲ್ಲಿ ಹುಟ್ಟಿದ ಅವರು 2000ದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಆನಂದ್, ದಿಬ್ಯೇಂದು ಬರುವಾ, ಪ್ರವೀಣ್ ಠಿಪ್ಸೆ ಆದ ಮೇಲೆ ಭಾರತದ ನಾಲ್ಕನೆಯವರು. 2003ರಲ್ಲಿ ಎಡಿನ್‌ಬರೋದಲ್ಲಿ ನಡೆದ ಬ್ರಿಟಿಷ್ ಚಾಂಪಿಯನ್‌ಷಿಪ್ ಅವರ ಪಾಲಾಯಿತು. ಹಿಂದಿನ ವರ್ಷ ಅದನ್ನು ಗೆದ್ದವರು ಚೆನ್ನೈನ ಆರ್. ಬಿ. ರಮೇಶ್. ಮಹಿಳೆಯರ ಬ್ರಿಟಿಷ್ ಪಟ್ಟವನ್ನು ಹಂಪಿ 2000ದಲ್ಲೂ 2002ರಲ್ಲೂ ಗೆದ್ದಾಗಿತ್ತು. ಕಾಮನ್‌ವೆಲ್ತ್ ದೇಶದವರಿಗೂ ತೆರೆದಿದ್ದ ಆ ಬಾಗಿಲನ್ನು 2004ರಿಂದ ಮುಚ್ಚಿದರು. ಬ್ರಿಟನ್ ಮತ್ತು ಐರ್ಲೆಂಡಿನವರಿಗಷ್ಟೇ ಪ್ರವೇಶ. ತಮ್ಮ ಆಟಗಾರರಿಗೆ ಅವಕಾಶ ಬೇಕೆಂಬ ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ಸುಲ್ತಾನ್ ಖಾನ್ ರಾಮ್ಸ್‌ಗೇಟ್‌ನಲ್ಲಿ ಒಳಹೊಕ್ಕ ಬಾಗಿಲಿನಿಂದ ಕೊನೆಯ ಸಲ ಕಪ್ ಹಿಡಿದು ಹೊರಬಂದವರು ಪುಣೆಯವರು ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಕುಂಟೆಯವರ ಜೊತೆಗೇ ಆ ಊರಿನ ಹೆಣ್ಣುಮಕ್ಕಳೂ ಬೆಳೆದರು. ಈಶಾ ಕರವಡೆ ಇಂಟರ್‌ನ್ಯಾಷನಲ್ ಮಾಸ್ಟರ್ ಆದರು. ಸೌಮ್ಯಾ ಸ್ವಾಮಿನಾಥನ್ 2009ರಲ್ಲಿ ಅರ್ಜೆಂಟೀನಾದಲ್ಲಿ ಬಾಲಕಿಯರ ವಿಶ್ವ ಜೂನಿಯರ್ ಪಟ್ಟ ಗೆದ್ದರು. 2014ರಲ್ಲಿ ವಿಶ್ವ ಜೂನಿಯರ್ ಪಂದ್ಯಾವಳಿಯೇ ಪುಣೆಗೆ ಬಂತು. ಮುಕ್ತ ವಿಭಾಗ ಚೀನಾದ ಲು ಶಾಂಗ್ಲೆಗೆ, ಬಾಲಕಿಯರದು ರಷ್ಯಾದ ಅಲೆಕ್ಸಾಂಡ್ರಾ ಗೊರ್ಯಾಚ್ಕಿನಾಗೆ. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದಾಗ ತಂಡದ ನಾಯಕತ್ವ ವಹಿಸಿದ್ದವರು ಇದೇ ಕುಂಟೆ. ಆ ತಂಡದ ಹಾರಿಕಾ, ವೈಶಾಲಿ, ದಿವ್ಯಾ ದೇಶಮುಖ್ ಮೂವರೂ ಏಳು ತಿಂಗಳ ನಂತರ ಅವರದೇ ಊರಿನಲ್ಲಿ, ಹಡಪ್ಸರ್‌ನ ಆ ಸಭಾಂಗಣದಲ್ಲಿ, ಈಗ ಪರಸ್ಪರ ಎದುರಾಳಿಗಳಾಗಿ ಕುಳಿತಿದ್ದರು.

ಆ ಕೊನೆಯ ಸುತ್ತಿನ ಪ್ರತಿ ನಡೆಯೂ ಹಾಸಿನ ಮೇಲೆ ಬಿದ್ದ ಕ್ಷಣದಲ್ಲೇ ಜಗತ್ತಿನ ತೆರೆಗಳಲ್ಲಿ ದಾಖಲಾಗುತ್ತಿತ್ತು. ಕಾಕ್ರೇನ್‌ನಂಥ ಒಬ್ಬನ ಕೃಪೆ ಬೇಕಿರಲಿಲ್ಲ. ಝು ಜಿನರ್ ಶುವಲೋವಾರನ್ನು ಸೋಲಿಸಿದರು. ಏಳು ಅಂಕ. ಅತ್ತ ಹಂಪಿಗೆ ಗೆಲ್ಲದೆ ದಾರಿಯಿಲ್ಲ. ಮೂವತ್ತೆಂಟು ವರ್ಷದ ತಾಯಿ, ನಾಲ್ಕು ತಿಂಗಳ ಹಿಂದಷ್ಟೇ ನ್ಯೂಯಾರ್ಕಿನಲ್ಲಿ ಎರಡನೆಯ ಸಲ ವಿಶ್ವ ರ‍್ಯಾಪಿಡ್ ಪಟ್ಟ ಗೆದ್ದು ಬಂದವರು. ಅವಸರದವರಲ್ಲ ಅವರು, ಎದುರಾಳಿಯ ಮನೆಗಳನ್ನು ಒಂದೊಂದಾಗಿ ಕಸಿಯುತ್ತ ಹೋಗುವವರು. ಸಲಿಮೋವಾ ಎದುರೂ ಹಾಗೆಯೇ ಆಡಿ ಗೆದ್ದರು. ಅವರಿಗೂ ಏಳು. ಟೈಬ್ರೇಕ್ ಲೆಕ್ಕದಲ್ಲಿ ಪ್ರಶಸ್ತಿ ಹಂಪಿಗೆ ಬಂತು. ಐದೂವರೆ ಅಂಕದ ದಿವ್ಯಾ ಮೂರನೆಯವರಾದರು.

ಹಂಪಿ 2002ರಲ್ಲಿ, ಹಾರಿಕಾ 2011ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು. ವೈಶಾಲಿ ಅವರಿಬ್ಬರ ನಂತರ. ಅಂದು ದಿವ್ಯಾ ಹೆಸರಿನ ಮುಂದೆ ಇನ್ನೂ ಆ ಪದವಿ ಇರಲಿಲ್ಲ. ಮೂರು ತಿಂಗಳ ಬಳಿಕ, ಜುಲೈ 28ರಂದು, ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್‌ನ ಟೈಬ್ರೇಕಿಗೆ ಹಂಪಿ ಮತ್ತು ದಿವ್ಯಾ ಎದುರುಬದುರು ಕುಳಿತರು. ಹತ್ತೊಂಬತ್ತರ ದಿವ್ಯಾ ಗೆದ್ದು ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆದರು, ಮಹಿಳೆಯರಲ್ಲಿ ನಾಲ್ಕನೆಯವರು. ಆ ನಾಲ್ವರೂ ಏಪ್ರಿಲ್‌ನ ಬಿಸಿಲಿನಲ್ಲಿ ಸೊಲ್ಲಾಪುರ ರಸ್ತೆಯ ಆ ಹಡಪ್ಸರ್‌ನಲ್ಲಿ, ಐದು ಮೇಜುಗಳ ಸುತ್ತ, ಒಬ್ಬರಿಗೊಬ್ಬರು ಎದುರಾಗಿ ಆಡಿದ್ದರು.